ಭದ್ರತೆಯ ಲೆಕ್ಕ ಕ್ಯಾಂಪಸ್ಸಿನ ಬಯಲಿಗೆ ಬರಲಿ

2005ರ ಡಿಸೆಂಬರ್ 28ರ ಸಂಜೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೆ.ಎನ್. ಟಾಟಾ ಸಭಾಂಗಣದಲ್ಲಿ ಅಂದಿನ ಗೋಷ್ಠಿಗಳು ಮುಗಿದು ವಿದ್ವಾಂಸರು ಹೊರಬರುತ್ತಿದ್ದರು. ಬಂದೂಕುಧಾರಿಯೊಬ್ಬ ಅವರ ಮೇಲೆ ಗುಂಡಿನ ಮಳೆಗರೆದ. ದೆಹಲಿ ಐಐಟಿಯ ನಿವೃತ್ತ ಗಣಿತ ಪ್ರಾಧ್ಯಾಪಕ ಎಂ.ಸಿ. ಪುರಿ ಪ್ರಾಣ ಬಿಟ್ಟರು, ಇನ್ನೂ ಕೆಲವರು ಗಾಯಗೊಂಡರು. ಅಲ್ಲಿ ನಡೆಯುತ್ತಿದ್ದದ್ದು ಆಪರೇಷನ್ಸ್ ರಿಸರ್ಚ್ ಸಮ್ಮೇಳನ. ಕೈಯಲ್ಲಿರುವ ಅಲ್ಪಸ್ವಲ್ಪ ಜನ, ಹಣ, ಸಾಮಗ್ರಿಯನ್ನು ಎಲ್ಲಿ, ಯಾವಾಗ, ಎಷ್ಟೆಷ್ಟು ಹಂಚಿದರೆ ಹೆಚ್ಚು ಫಲ ಎಂದು ಲೆಕ್ಕ ಹಾಕುವ ಗಣಿತ ಅದು. ಎರಡನೇ ಮಹಾಯುದ್ಧದ ಕಾಲದಲ್ಲಿ ರೇಡಾರ್ ಬಳಕೆ ಹೇಗಿರಬೇಕು, ಸರಕು ಹಡಗುಗಳಿಗೆ ಬೆಂಗಾವಲು ಹೇಗೆ ಕೊಡಬೇಕು ಎಂದು ಬ್ರಿಟನ್ನಿನ ವಿಜ್ಞಾನಿಗಳು ತಲೆ ಕೆಡಿಸಿಕೊಂಡಾಗ ಬೆಳೆದು ನಿಂತ ಶಾಸ್ತ್ರ.

ಆ ದಾಳಿಯ ಬಳಿಕ ಸಂಸ್ಥೆಯ ಗೇಟುಗಳಲ್ಲಿ ತಪಾಸಣೆ ಬಿಗಿಯಾಯಿತು. ಆಗಲೇಬೇಕಾಗಿದ್ದ ಕೆಲಸ ಅದು. ಗೇಟಿನ ಒಳಗಿರುವ ವಿದ್ಯೆಗೆ ದೇಶದ ಭದ್ರತೆಯಲ್ಲಿ ಏನು ಪಾತ್ರ ಎಂಬ ಪ್ರಶ್ನೆ ಮಾತ್ರ ಅಷ್ಟೇ ಗಟ್ಟಿಯಾಗಿ ಕೇಳಿಬರಲಿಲ್ಲ. ಅದಕ್ಕೆ ಒಂದು ಉತ್ತರ ಎರಡು ವರ್ಷದೊಳಗೆ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಸಿಕ್ಕಿತು.

ಲಾಸ್ ಏಂಜಲೀಸ್ ವಿಮಾನ ನಿಲ್ದಾಣ ಜಗತ್ತಿನ ಅತಿ ಗಿಜಿಗುಡುವ ನಿಲ್ದಾಣಗಳಲ್ಲಿ ಒಂದು. ಒಳಬರುವ ಎಲ್ಲ ರಸ್ತೆಗಳಲ್ಲಿ, ಎಲ್ಲ ಟರ್ಮಿನಲ್‌ಗಳಲ್ಲಿ, ಎಲ್ಲ ಹೊತ್ತಿನಲ್ಲೂ ಪೊಲೀಸರನ್ನೂ ಶ್ವಾನದಳವನ್ನೂ ನಿಲ್ಲಿಸುವಷ್ಟು ಸಿಬ್ಬಂದಿ ಅಲ್ಲಿ ಇರಲಿಲ್ಲ. ಆಗ ಯಾರೋ ಒಬ್ಬ ಅಧಿಕಾರಿ ಪಾಳಿ ಹಂಚಬೇಕು. ಮನುಷ್ಯ ಎಷ್ಟೇ ಎಚ್ಚರದಿಂದ ಹಂಚಿದರೂ ಅದರಲ್ಲಿ ಒಂದು ಚಾಳಿ ನುಸುಳಿಬಿಡುತ್ತದೆ. ಯಾವ ಸರ್ಕಲ್‌ನಲ್ಲಿ ಎಷ್ಟು ಹೊತ್ತಿಗೆ ಟ್ರಾಫಿಕ್ ಪೊಲೀಸರು ನಿಲ್ಲುತ್ತಾರೆ ಎಂದು ಹೆಲ್ಮೆಟ್ ಹಾಕದ ಸವಾರ ಒಂದೇ ತಿಂಗಳಲ್ಲಿ ಕಲಿತುಬಿಡುವುದಿಲ್ಲವೇ, ದಾಳಿಗೆ ಹೊಂಚು ಹಾಕುವವನೂ ಹಾಗೆಯೇ ಕಲಿಯುತ್ತಾನೆ.

ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿದ್ದ ಮಿಲಿಂದ್ ತಾಂಬೆ ಮತ್ತು ಅವರ ವಿದ್ಯಾರ್ಥಿಗಳು ಈ ತೊಡಕನ್ನು ಗೇಮ್ ಥಿಯರಿಯ ಲೆಕ್ಕವಾಗಿ ಬರೆದರು. ತಾಂಬೆ ಪಿಲಾನಿಯ ಬಿಟ್ಸ್‌ನಲ್ಲಿ ಓದಿದವರು. ಅವರ ತಂಡ ಬಳಸಿದ್ದು ಜರ್ಮನ್ ಅರ್ಥಶಾಸ್ತ್ರಜ್ಞ ಸ್ಟ್ಯಾಕಲ್‌ಬರ್ಗ್ 1934ರಲ್ಲಿ ಕಂಪನಿಗಳ ಪೈಪೋಟಿಯನ್ನು ವಿವರಿಸಲು ಕಟ್ಟಿದ್ದ ಮಾದರಿಯನ್ನು. ಪೊಲೀಸರು ಮೊದಲ ನಡೆ ಇಡುತ್ತಾರೆ. ದಾಳಿಕೋರ ಅದನ್ನು ತಿಂಗಳುಗಟ್ಟಲೆ ನೋಡುತ್ತಾನೆ, ನಂತರ ತನ್ನ ನಡೆ ಆಯ್ದುಕೊಳ್ಳುತ್ತಾನೆ. ಅವನು ಎಲ್ಲವನ್ನೂ ನೋಡಿದ್ದಾನೆ ಎಂದೇ ಇಟ್ಟುಕೊಂಡು, ಆಗಲೂ ನಷ್ಟ ಅತಿ ಕಡಿಮೆಯಾಗುವಂಥ ಪಾಳಿಯನ್ನು ಕಂಪ್ಯೂಟರ್ ಹುಡುಕಬೇಕು. ಜನದಟ್ಟಣೆಯ ಟರ್ಮಿನಲ್‌ಗೆ ಹೆಚ್ಚು ತೂಕ, ಕಡಿಮೆ ಜನರಿರುವ ಕಡೆ ಕಡಿಮೆ ತೂಕ. ಆ ತೂಕದ ಮೇಲೆ ದಿನದಿನದ ಪಾಳಿಯನ್ನು ಚೀಟಿ ಎತ್ತಿದ ಹಾಗೆ ತೆಗೆಯಬೇಕು. 2007ರಲ್ಲಿ ‘ಆರ್ಮರ್’ ಎಂಬ ಹೆಸರಿನಲ್ಲಿ ಈ ತಂತ್ರಾಂಶ ಆ ನಿಲ್ದಾಣದಲ್ಲಿ ಕೆಲಸಕ್ಕೆ ಇಳಿಯಿತು. ಇದೇ ಗಣಿತ ಮುಂದೆ ವಿಮಾನಗಳೊಳಗೆ ಮಫ್ತಿಯಲ್ಲಿ ಕೂರುವ ಏರ್ ಮಾರ್ಷಲ್‌ಗಳ ನಿಯೋಜನೆಗೆ, ಬಾಸ್ಟನ್ ಬಂದರಿನಲ್ಲಿ ಕರಾವಳಿ ಕಾವಲು ಪಡೆಯ ಗಸ್ತಿಗೆ, ಕೊನೆಗೆ ಉಗಾಂಡಾದ ಕಾಡುಗಳಲ್ಲಿ ಬೇಟೆಗಾರರ ಉರುಳು ಹುಡುಕುವುದಕ್ಕೂ ಒದಗಿತು.

ಈ ಕೆಲಸದಲ್ಲಿ ಗಮನಿಸಬೇಕಾದ ಸಂಗತಿ ಎರಡಿವೆ. ಆರ್ಮರ್‌ಗೆ ಯಾವ ಪ್ರಯಾಣಿಕನ ಹೆಸರೂ ಬೇಕಿರಲಿಲ್ಲ, ಯಾರ ಮುಖವೂ ಫೋನ್ ನಂಬರೂ ಬೇಕಿರಲಿಲ್ಲ. ಟರ್ಮಿನಲ್ ಎಷ್ಟು, ಜನ ಎಷ್ಟು, ಪೊಲೀಸರು ಎಷ್ಟು ಎಂಬಷ್ಟೇ ಅದರ ಹಸಿವು. ಇನ್ನೊಂದು ಸಂಗತಿ, ಅದರ ಗಣಿತವೆಲ್ಲ ಸಮ್ಮೇಳನಗಳಲ್ಲಿ ಪ್ರಕಟವಾಯಿತು. ಯಾರು ಬೇಕಾದರೂ ಓದಬಹುದು, ತಪ್ಪು ಹಿಡಿಯಬಹುದು. ವಿಧಾನ ತಿಳಿದವನಿಗೂ ನಾಳೆ ಬೆಳಿಗ್ಗೆ ಯಾವ ರಸ್ತೆಯಲ್ಲಿ ತಪಾಸಣೆ ಎಂಬುದು ತಿಳಿಯುವುದಿಲ್ಲ. ಗೂಢಲಿಪಿಯ ಬಲ ಕೀಲಿಯ ಗುಟ್ಟಿನಲ್ಲಿರಬೇಕೇ ಹೊರತು ವಿಧಾನದ ಗುಟ್ಟಿನಲ್ಲಲ್ಲ ಎಂದು ಡಚ್ ವಿದ್ವಾಂಸ ಕೆರ್ಕ್‌ಹಾಫ್ಸ್ 1883ರಲ್ಲೇ ವಾದಿಸಿದ್ದರು. ಭದ್ರತೆ ಎಂದಾಕ್ಷಣ ಬಾಗಿಲು ಹಾಕಿಕೊಳ್ಳಬೇಕು ಎನ್ನುವವರು ಈ ಉದಾಹರಣೆಯನ್ನು ಒಮ್ಮೆ ಸಾವಧಾನವಾಗಿ ನೋಡಬೇಕು.

ಇನ್ನು ಮನಸ್ಸಿಗೆ ನಾಟುವ ಮಾತು. 2008ರ ನವೆಂಬರ್ 26ರ ದಾಳಿಯ ನಂತರ ಮುಂಬಯಿ ಪೊಲೀಸರು ನಗರದ ರಸ್ತೆಗಳಲ್ಲಿ ನಾಕಾಬಂದಿ ಹಾಕತೊಡಗಿದರು. ಇಷ್ಟೇ ನಾಕಾ ಹಾಕಲು ಸಾಧ್ಯವಿದ್ದಾಗ ಯಾವ ಯಾವ ರಸ್ತೆಯಲ್ಲಿ ಹಾಕಿದರೆ ದಾಳಿಕೋರರು ಸಿಕ್ಕಿಬೀಳುವ ಸಂಭವ ಹೆಚ್ಚು? ದಕ್ಷಿಣ ಮುಂಬಯಿಯ ರಸ್ತೆ ಜಾಲವನ್ನೇ ನಕ್ಷೆಯಾಗಿ ಇಟ್ಟುಕೊಂಡು ಈ ಲೆಕ್ಕವನ್ನು ಬಿಡಿಸಿದ ಪ್ರಬಂಧಗಳು ಬಂದದ್ದು ತಾಂಬೆಯವರ ತಂಡದಿಂದ, ಅಂದರೆ ಲಾಸ್ ಏಂಜಲೀಸಿನಿಂದ. ಅದೇ ದಾಳಿ ನಡೆಸಿದ ಲಷ್ಕರ್-ಎ-ತಯಬಾದ ಇಪ್ಪತ್ತು ವರ್ಷಗಳ ನಡವಳಿಕೆಯನ್ನು ತಿಂಗಳು ತಿಂಗಳಾಗಿ, ನೂರಾರು ಅಂಶಗಳಾಗಿ ವಿಂಗಡಿಸಿ ಕಂಪ್ಯೂಟರಿಗೆ ಊಡಿದವರು ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ವಿ.ಎಸ್. ಸುಬ್ರಹ್ಮಣ್ಯನ್ ಮತ್ತು ಸಂಗಡಿಗರು. ಸಂಘಟನೆಯೊಳಗೆ ಬಿರುಕು ಯಾವಾಗ ಕಾಣಿಸಿತು, ನಾಯಕರ ಬಂಧನ ಯಾವಾಗ ಆಯಿತು, ಆಮೇಲಿನ ತಿಂಗಳುಗಳಲ್ಲಿ ದಾಳಿ ಹೆಚ್ಚಿತೇ ತಗ್ಗಿತೇ ಎಂಬ ನಿಯಮಗಳನ್ನು ಯಂತ್ರ ಹೆಕ್ಕಿ ತೆಗೆಯಿತು. ಅದು ಪುಸ್ತಕವಾಗಿ ಬಂತು. ಇಂಡಿಯನ್ ಮುಜಾಹಿದೀನ್ ಎಂಬ ಭಯೋತ್ಪಾದಕ ಸಂಘಟನೆಯ ಬಗ್ಗೆಯೂ ಅವರದೇ ಇನ್ನೊಂದು ಪುಸ್ತಕ 2013ರಲ್ಲಿ ಬಂತು. ಸುಬ್ರಹ್ಮಣ್ಯನ್ ಈಗ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಭದ್ರತೆ ಮತ್ತು ಎಐಗೆಂದೇ ಮೀಸಲಾದ ಪ್ರಯೋಗಾಲಯ ನಡೆಸುತ್ತಿದ್ದಾರೆ.

ಗಾಯ ನಮ್ಮದು, ಅದರ ಅಧ್ಯಯನ ಪರದೇಶದ ಕ್ಯಾಂಪಸ್ಸಿನದು. ಇದರಲ್ಲಿ ಆ ವಿದ್ವಾಂಸರ ತಪ್ಪೇನೂ ಇಲ್ಲ, ಅವರಿಗೆ ಋಣಿಯಾಗಿರಬೇಕು. ಆದರೆ ಭಾರತದ ವಿಶ್ವವಿದ್ಯಾಲಯಗಳು ಈ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ, ಬಯಲಿನಲ್ಲಿ ಮಾಡಬೇಕಾದ ಕಾಲ ಬಂದಿದೆ. ಹಾಗೆ ಮಾಡಲು ಮೊದಲು ಬೇಕಾದದ್ದು ಸೂಪರ್ ಕಂಪ್ಯೂಟರ್ ಅಲ್ಲ. ಒಪ್ಪವಾಗಿ ಜೋಡಿಸಿದ, ಎಲ್ಲರ ಕೈಗೂ ಸಿಗುವ ದತ್ತಾಂಶ.

ದತ್ತಾಂಶ ಎಂಬುದು ಎಷ್ಟು ಬೆವರಿನ ಕೆಲಸ ಎಂದು ತಿಳಿಯಲು ಮೇರಿಲ್ಯಾಂಡ್‌ನ ‘ಗ್ಲೋಬಲ್ ಟೆರರಿಸಂ ಡೇಟಾಬೇಸ್’ನ ಕಥೆ ಸಾಕು. ಪಿಂಕರ್ಟನ್ ಎಂಬ ಖಾಸಗಿ ಭದ್ರತಾ ಕಂಪನಿ ತನ್ನ ಗ್ರಾಹಕರಿಗೆ ಅಪಾಯದ ಅಂದಾಜು ಕೊಡಲೆಂದು 1970ರಿಂದ 1997ರವರೆಗೆ ಜಗತ್ತಿನ ಭಯೋತ್ಪಾದಕ ಘಟನೆಗಳನ್ನು ಕಾರ್ಡುಗಳಲ್ಲಿ ದಾಖಲಿಸಿತ್ತು. ಆ ಕಾರ್ಡುಗಳನ್ನು ಬರೆದವರಲ್ಲಿ ಅಮೆರಿಕದ ವಾಯುಪಡೆಯ ನಿವೃತ್ತರೇ ಹೆಚ್ಚು. ಅಪರಾಧಶಾಸ್ತ್ರಜ್ಞ ಗ್ಯಾರಿ ಲಫ್ರೀ ಅವರ ತಂಡ ಆ ಕಾರ್ಡುಗಳ ರಾಶಿಯನ್ನು ವಿಶ್ವವಿದ್ಯಾಲಯಕ್ಕೆ ತಂದು, ವಿದ್ಯಾರ್ಥಿಗಳನ್ನು ಕೂರಿಸಿ ಒಂದೊಂದನ್ನೂ ಕಂಪ್ಯೂಟರಿಗೆ ಏರಿಸಿತು. 1993ನೇ ಇಸವಿಯ ಕಾರ್ಡುಗಳು ಮಾತ್ರ ಇರಲಿಲ್ಲ. ಕಂಪನಿ ಕಚೇರಿ ಬದಲಿಸುವಾಗ ಆ ಪೆಟ್ಟಿಗೆ ಕಳೆದುಹೋಗಿತ್ತು. ಇಂದಿಗೂ ಆ ವರ್ಷ ಮುಖ್ಯ ಪಟ್ಟಿಯಲ್ಲಿ ಖಾಲಿ. ಮುಂಬಯಿಯಲ್ಲಿ ಸರಣಿ ಬಾಂಬ್ ಸ್ಫೋಟಗಳಾದ ವರ್ಷ ಅದು. ಪಟ್ಟಿಯಲ್ಲೀಗ 2 ಲಕ್ಷಕ್ಕೂ ಹೆಚ್ಚು ಘಟನೆಗಳಿವೆ. ಪ್ರತಿದಿನ ಪ್ರಕಟವಾಗುವ ಸುದ್ದಿಗಳ ಮಹಾಪೂರದಲ್ಲಿ ಸಂಬಂಧಪಟ್ಟವನ್ನು ಸೋಸುವ ಕೆಲಸ ಯಂತ್ರಕಲಿಕೆಯದು. ಸೋಸಿ ಉಳಿದದ್ದನ್ನು ಓದಿ, ಇದು ಭಯೋತ್ಪಾದನೆಯೇ ಅಲ್ಲವೇ, ಸತ್ತವರೆಷ್ಟು, ಆಯುಧ ಯಾವುದು ಎಂದು ನಿರ್ಧರಿಸುವುದು ಮಾತ್ರ ಮನುಷ್ಯರೇ. ಹೀಗೆ ನಿರ್ಧರಿಸುವ ನಿಯಮಗಳ ಕೈಪಿಡಿಯೂ ಎಲ್ಲರ ಮುಂದಿದೆ.

ಭಾರತದಲ್ಲಿ ಇದಕ್ಕೆ ಹತ್ತಿರದ ಕೆಲಸ ಮಾಡಿರುವುದು ದೆಹಲಿಯ ಇನ್‌ಸ್ಟಿಟ್ಯೂಟ್ ಫಾರ್ ಕಾನ್‌ಫ್ಲಿಕ್ಟ್ ಮ್ಯಾನೇಜ್‌ಮೆಂಟ್ ನಡೆಸುವ ದಕ್ಷಿಣ ಏಷ್ಯಾ ಭಯೋತ್ಪಾದನೆ ಪೋರ್ಟಲ್. ಪಂಜಾಬಿನ ಪೊಲೀಸ್ ಮಹಾನಿರ್ದೇಶಕರಾಗಿದ್ದ ಕೆ.ಪಿ.ಎಸ್. ಗಿಲ್ ಕಟ್ಟಿದ ಆ ಸಂಸ್ಥೆ ವಿಶ್ವವಿದ್ಯಾಲಯವಲ್ಲ. ಇಂಥ ಪಟ್ಟಿಗಳಿಗೆಲ್ಲ ಒಂದು ಮಿತಿಯೂ ಇದೆ. ಅವು ಪತ್ರಿಕಾ ವರದಿಗಳನ್ನು ನೆಚ್ಚಿಕೊಂಡಿವೆ. ದೆಹಲಿಯಲ್ಲಿ ಪಟಾಕಿ ಸಿಡಿದಂಥ ಸ್ಫೋಟವಾದರೂ ಹತ್ತಾರು ವರದಿ ಬರುತ್ತವೆ. ಬಸ್ತರಿನ ಒಳಗಾಡಿನಲ್ಲಿ ನಡೆದದ್ದು ಒಂದೆರಡು ಸಾಲಿನ ಸುದ್ದಿಯಾದರೆ ಹೆಚ್ಚು. ಅದನ್ನೇ ಕಲಿತ ಯಂತ್ರ ವರದಿಗಾರರು ಇರುವ ಕಡೆಯಲ್ಲೇ ಅಪಾಯವಿದೆ ಎಂದು ನಂಬಿಬಿಡುತ್ತದೆ. ಸ್ಥಳೀಯ ಭಾಷೆಯ ಪತ್ರಿಕೆಗಳನ್ನು ಓದಬಲ್ಲ, ಊರು ಬಲ್ಲ ಸಂಶೋಧಕರು ಬೇಕಾಗುವುದು ಈ ಕೊರತೆಯನ್ನು ತುಂಬುವುದಕ್ಕೆ. ಧಾರವಾಡ, ಮೈಸೂರು, ಕಲಬುರಗಿಯ ವಿಶ್ವವಿದ್ಯಾಲಯಗಳಿಗೆ ಈ ಕೆಲಸದಲ್ಲಿ ಖಂಡಿತ ಜಾಗವಿದೆ.

ಬೆಂಗಳೂರಿಗಂತೂ ಇದು ಹೊಸ ನಂಟಲ್ಲ. 1942ರಲ್ಲಿ, ಯುದ್ಧದ ನಡುವೆ, ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ ಎಂಜಿನಿಯರುಗಳು ಬೇಕಾದಾಗ ವಿಜ್ಞಾನ ಸಂಸ್ಥೆಯಲ್ಲಿ ವಿಮಾನ ಎಂಜಿನಿಯರಿಂಗ್ ವಿಭಾಗ ಶುರುವಾಯಿತು. 1986ರಲ್ಲಿ, ಕೃತಕ ಬುದ್ಧಿಮತ್ತೆ ಎಂಬ ಮಾತನ್ನೇ ಹೆಚ್ಚಿನವರು ಕೇಳಿರದ ಕಾಲದಲ್ಲಿ, ಡಿಆರ್‌ಡಿಒ ತನ್ನ ಎಐ ಮತ್ತು ರೊಬೊಟಿಕ್ಸ್ ಕೇಂದ್ರವನ್ನು ಇದೇ ನಗರದಲ್ಲಿ ತೆರೆಯಿತು. 2020ರ ಜನವರಿಯಲ್ಲಿ 35 ವರ್ಷದೊಳಗಿನ ಯುವ ವಿಜ್ಞಾನಿಗಳಿಗೆಂದು ಐದು ಪ್ರಯೋಗಾಲಯಗಳು ದೇಶಕ್ಕೆ ಅರ್ಪಿತವಾದಾಗ ಎಐ ಪಾಲಿನದು ಬೆಂಗಳೂರಿಗೇ ಬಂತು. ರಕ್ಷಣಾ ಪ್ರಯೋಗಾಲಯ ಗುಟ್ಟು ಕಾಯುವುದು ಸರಿಯೇ. ವಿಶ್ವವಿದ್ಯಾಲಯ ಅದರ ಇನ್ನೊಂದು ಕೊಠಡಿಯಾಗಿಬಿಟ್ಟರೆ ಮಾತ್ರ ನಷ್ಟ. ಕೇಳಬಾರದ ಪ್ರಶ್ನೆ ಕೇಳುವ, ಲೆಕ್ಕ ತಪ್ಪಾಗಿದೆ ಎಂದು ದೊಡ್ಡವರ ಎದುರು ಎದ್ದುನಿಂತು ಹೇಳುವ ಎರಡನೇ ವರ್ಷದ ಪಿಎಚ್‌ಡಿ ವಿದ್ಯಾರ್ಥಿ ಸಿಗುವುದು ಕ್ಯಾಂಪಸ್ಸಿನಲ್ಲಿ.

ಭದ್ರತೆ ಎಂದರೆ ಬಂದೂಕು, ಬಾಂಬು ಮಾತ್ರವಲ್ಲ ಎಂಬುದನ್ನು ಬೆಂಗಳೂರು 2012ರ ಆಗಸ್ಟ್‌ನಲ್ಲಿ ಕಣ್ಣಾರೆ ಕಂಡಿತು. ಅಸ್ಸಾಮಿನ ಕೋಕ್ರಝಾರ್‌ನ ಹಿಂಸಾಚಾರದ ಬೆನ್ನಲ್ಲೇ ಈಶಾನ್ಯದವರ ಮೇಲೆ ಇಲ್ಲಿಯೂ ದಾಳಿ ನಡೆಯಲಿದೆ ಎಂಬ ವದಂತಿ ಎಸ್‌ಎಂಎಸ್‌ಗಳಲ್ಲಿ, ಎಲ್ಲೆಲ್ಲಿಯದೋ ಹಳೆಯ ಫೋಟೋಗಳಲ್ಲಿ ಹರಿದಾಡಿತು. ಸ್ವಾತಂತ್ರ್ಯ ದಿನದ ಸಂಜೆಯಿಂದ ಸಿಟಿ ರೈಲು ನಿಲ್ದಾಣದಲ್ಲಿ ಬ್ಯಾಗು, ಹಾಸಿಗೆ ಹೊತ್ತ ಯುವಕ ಯುವತಿಯರ ಜಾತ್ರೆ. ಸೆಕ್ಯೂರಿಟಿ ಗಾರ್ಡುಗಳು, ಬ್ಯೂಟಿ ಪಾರ್ಲರ್ ಹುಡುಗಿಯರು, ಹೋಟೆಲ್ ಸಪ್ಲೈಯರುಗಳು, ಕಾಲೇಜು ವಿದ್ಯಾರ್ಥಿಗಳು, ಎಲ್ಲರೂ ಗುವಾಹಟಿ ರೈಲಿಗೆ ಕಾದು ನಿಂತಿದ್ದರು. ರೈಲ್ವೆ ವಿಶೇಷ ರೈಲುಗಳನ್ನು ಬಿಟ್ಟಿತು. ಸಚಿವರು, ಪೊಲೀಸ್ ಅಧಿಕಾರಿಗಳು ಪ್ಲಾಟ್‌ಫಾರ್ಮಿಗೇ ಬಂದು ಹೋಗಬೇಡಿ ಎಂದು ಬೇಡಿಕೊಂಡರೂ ಸಾವಿರಾರು ಮಂದಿ ಊರು ಬಿಟ್ಟರು. ಕೇಂದ್ರ ಸರ್ಕಾರ ಹದಿನೈದು ದಿನ ಒಮ್ಮೆಗೆ ಐದಕ್ಕಿಂತ ಹೆಚ್ಚು ಎಸ್‌ಎಂಎಸ್ ಕಳಿಸದಂತೆ ಕಡಿವಾಣ ಹಾಕಿತು. ಕೈಯಲ್ಲಿದ್ದ ಆಯುಧ ಅಷ್ಟೇ.

ಆ ಸಂದೇಶಗಳು ಎಲ್ಲಿ ಹುಟ್ಟಿದವು, ಯಾವ ಗಂಟೆಯಲ್ಲಿ ಉಕ್ಕಿದವು, ಯಾವ ಸಮಾಧಾನದ ಮಾತು ಅವನ್ನು ತಣಿಸಿತು ಎಂಬುದನ್ನು, ಹೆಸರು ನಂಬರುಗಳನ್ನು ಅಳಿಸಿದ ದತ್ತಾಂಶವಾಗಿ ಕರ್ನಾಟಕದ ಕ್ಯಾಂಪಸ್ಸುಗಳ ಕೈಗೆ ಕೊಟ್ಟಿದ್ದರೆ ಮುಂದಿನ ವದಂತಿಗೆ ಆಡಳಿತ ಹೆಚ್ಚು ಸಜ್ಜಾಗಿರುತ್ತಿತ್ತು. ಈಗ ಅಪಾಯ ಇನ್ನಷ್ಟು ಜಾಣ ರೂಪ ತಳೆದಿದೆ. ಯಾರದ್ದೋ ದನಿಯನ್ನು ಎಐ ನಿಮಿಷಗಳಲ್ಲಿ ನಕಲು ಮಾಡುತ್ತದೆ. ಇಂಗ್ಲಿಷಿನ ನಕಲಿ ದನಿ ಹಿಡಿಯಲು ಕಲಿತ ಯಂತ್ರಕ್ಕೆ ಕುಂದಾಪುರದ ಕನ್ನಡವೋ ಬೀದರಿನ ಕನ್ನಡವೋ ಎದುರಾದರೆ ದಿಕ್ಕು ತಪ್ಪುವ ಸಾಧ್ಯತೆ ಹೆಚ್ಚು. ಭಾರತೀಯ ವಿಜ್ಞಾನ ಸಂಸ್ಥೆಯೂ ಅಲ್ಲಿನ ಎಐ-ರೊಬೊಟಿಕ್ಸ್ ಕೇಂದ್ರವಾದ ಆರ್ಟ್‌ಪಾರ್ಕ್ ಕೂಡ ಗೂಗಲ್ ನೆರವಿನೊಂದಿಗೆ ‘ವಾಣಿ’ ಯೋಜನೆಯಲ್ಲಿ ಜಿಲ್ಲೆ ಜಿಲ್ಲೆಗಳಿಂದ ಜನರ ಮಾತನ್ನು ಧ್ವನಿಮುದ್ರಿಸಿ ಮುಕ್ತವಾಗಿ ಹಂಚುತ್ತಿವೆ. ಅದರ ಉದ್ದೇಶ ಭದ್ರತೆಯಲ್ಲ. ಆದರೂ ನಕಲಿ ದನಿ ಹಿಡಿಯುವ ಕನ್ನಡದ ಯಂತ್ರವನ್ನು ಯಾರಾದರೂ ಕಟ್ಟಬೇಕಾದರೆ ಇಂಥ ಭಂಡಾರವೇ ಬುನಾದಿ.

ಇಷ್ಟು ಹೇಳಿದ ಮೇಲೆ ಕೆಡುಕಿನ ಲೆಕ್ಕವನ್ನೂ ಹಾಕಬೇಕು. ಒಂದು ಕೋಟಿ ಜನರಿರುವ ನಗರದಲ್ಲಿ ನಿಜಕ್ಕೂ ಅಪಾಯಕಾರಿಗಳು ನೂರು ಮಂದಿ ಎಂದಿಟ್ಟುಕೊಳ್ಳಿ. ಅವರನ್ನು ಗುರುತಿಸಲು ನೂರಕ್ಕೆ 99 ಸಲ ಸರಿಯಾಗಿ ಹೇಳುವ ಯಂತ್ರ ತರಲಾಗಿದೆ. ಅದು ನೂರರಲ್ಲಿ 99 ಮಂದಿಯನ್ನು ಹಿಡಿಯುತ್ತದೆ, ನಿಜ. ಆದರೆ ಉಳಿದವರಲ್ಲಿ ನೂರಕ್ಕೆ ಒಬ್ಬರನ್ನು ತಪ್ಪಾಗಿ ಹಿಡಿಯುತ್ತದೆ. ಅಂದರೆ ಸುಮಾರು 1 ಲಕ್ಷ ನಿರಪರಾಧಿಗಳು. ಯಂತ್ರ ಬೆರಳು ಮಾಡಿದ ಸಾವಿರ ಜನರಲ್ಲಿ ಒಬ್ಬರೇ ನಿಜವಾದವರು. ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುವ ಉಳಿದ 999 ಮಂದಿಗೆ, ಅವರ ಮನೆಯವರಿಗೆ 99ರ ನಿಖರತೆಯಿಂದ ಯಾವ ಸಮಾಧಾನವೂ ಸಿಗುವುದಿಲ್ಲ. ಅಪರೂಪದ ಅಪರಾಧವನ್ನು ಜನಸಾಗರದಲ್ಲಿ ಹುಡುಕುವ ಯಾವ ಎಐಗೂ ಈ ಗಣಿತದಿಂದ ಬಿಡುಗಡೆಯಿಲ್ಲ. ಟೆಂಡರ್ ದಾಖಲೆಯಲ್ಲಿ ಕಂಪನಿ ಇದನ್ನು ದಪ್ಪ ಅಕ್ಷರದಲ್ಲಿ ಬರೆಯುವುದಿಲ್ಲ. ಹೇಳಬೇಕಾದವರು ಪ್ರಾಧ್ಯಾಪಕರು.

ಕ್ಯಾಂಪಸ್ಸಿನವರು ಹೇಳಿದಾಗ ಏನಾಗುತ್ತದೆ ಎಂಬುದಕ್ಕೂ ನಿದರ್ಶನವಿದೆ. 2018ರಲ್ಲಿ ಎಂಐಟಿಯ ವಿದ್ಯಾರ್ಥಿನಿ ಜಾಯ್ ಬ್ಯುಲಮ್ವಿನಿ ಮತ್ತು ಸಂಶೋಧಕಿ ಟಿಮ್ನಿಟ್ ಗೆಬ್ರು ಮೂರು ಕಂಪನಿಗಳ ಮುಖ ವಿಶ್ಲೇಷಣೆ ತಂತ್ರಾಂಶವನ್ನು ಪರೀಕ್ಷೆಗೆ ಒಡ್ಡಿದರು. ಬಿಳಿ ಮೈಬಣ್ಣದ ಗಂಡಸರ ವಿಷಯದಲ್ಲಿ ತಪ್ಪು ಶೇ 0.8 ದಾಟಲಿಲ್ಲ. ಕಪ್ಪು ಮೈಬಣ್ಣದ ಹೆಂಗಸರ ವಿಷಯದಲ್ಲಿ ಅದು ಶೇ 34.7ರವರೆಗೆ ಹೋಯಿತು. ಪ್ರಬಂಧ ಪ್ರಕಟವಾದ ಮೇಲೆ ಕಂಪನಿಗಳು ತಂತ್ರಾಂಶ ತಿದ್ದಿದವು. ಇತ್ತ 2022ರಲ್ಲಿ ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ ದೆಹಲಿ ಪೊಲೀಸರು ಕೊಟ್ಟ ಉತ್ತರದಲ್ಲಿ, ಮುಖ ಗುರುತಿಸುವ ತಂತ್ರಾಂಶ ಶೇ 80ರಷ್ಟು ಹೋಲಿಕೆ ತೋರಿಸಿದರೆ ಅದನ್ನು ತಾಳೆಯಾಯಿತು ಎಂದೇ ಪರಿಗಣಿಸುವುದಾಗಿ ಹೇಳಿದ್ದರು. ಆ ಎಂಬತ್ತು ಎಲ್ಲಿಂದ ಬಂತು, ಭಾರತೀಯ ಮುಖಗಳ ಮೇಲೆ ಪರೀಕ್ಷಿಸಿದವರು ಯಾರು ಎಂದು ಕೇಳುವ ಹಕ್ಕು ಪ್ರಜೆಗಿದೆ.

ವಿಶ್ವವಿದ್ಯಾಲಯದ ಮುದ್ರೆ ಇದ್ದಮಾತ್ರಕ್ಕೆ ಎಲ್ಲವೂ ಸರಿ ಎಂದೂ ಅಲ್ಲ. ಷಿಕಾಗೊ ಪೊಲೀಸರು ಗುಂಡೇಟಿಗೆ ಸಿಲುಕಬಹುದಾದವರ ಪಟ್ಟಿ ಮಾಡಲು ಬಳಸಿದ ಸೂತ್ರ ಬಂದದ್ದು ಅದೇ ನಗರದ ತಾಂತ್ರಿಕ ವಿಶ್ವವಿದ್ಯಾಲಯವೊಂದರಿಂದ. 2016ರಲ್ಲಿ ರ‍್ಯಾಂಡ್ ಸಂಸ್ಥೆಯ ಸಂಶೋಧಕರು ಪರಿಶೀಲಿಸಿದಾಗ, ಪಟ್ಟಿಯಿಂದ ಯಾರ ಜೀವವೂ ಉಳಿದ ಸುಳಿವು ಸಿಗಲಿಲ್ಲ. ಪಟ್ಟಿಯಲ್ಲಿದ್ದವರು ಗುಂಡಿನ ದಾಳಿ ಪ್ರಕರಣಗಳಲ್ಲಿ ಬಂಧಿತರಾಗುವ ಸಾಧ್ಯತೆ ಮಾತ್ರ ಹೆಚ್ಚಿತ್ತು. ಕೆಲವೇ ವರ್ಷಗಳಲ್ಲಿ ಪೊಲೀಸರು ಆ ಪಟ್ಟಿಯನ್ನೇ ಕೈಬಿಟ್ಟರು. ಆರ್ಮರ್‌ಗೂ ಇದಕ್ಕೂ ಇರುವ ಅಂತರ ಚಿಕ್ಕದಲ್ಲ. ಅದು ಕಾವಲುಗಾರ ಎಲ್ಲಿ ನಿಲ್ಲಬೇಕು ಎಂದು ಕೇಳಿತು. ಇದು ಯಾರ ಮೇಲೆ ಕಣ್ಣಿಡಬೇಕು ಎಂದು ಕೇಳಿತು. ಎರಡನೇ ಪ್ರಶ್ನೆ ಬಂದ ಕೂಡಲೇ ಊರು, ಜಾತಿ, ಧರ್ಮ, ಬಡಾವಣೆ ಎಲ್ಲವೂ ಹಿಂಬಾಗಿಲಿನಿಂದ ಲೆಕ್ಕದೊಳಗೆ ಬಂದು ಕೂರುತ್ತವೆ. ಇಂಡಿಯನ್ ಮುಜಾಹಿದೀನ್ ಪ್ರಕರಣಗಳ ಕಾಲದಲ್ಲಿ ಭಟ್ಕಳದ ಹೆಸರು ಆರೋಪಿಗಳ ಹೆಸರಿಗೆ ಅಂಟಿಕೊಂಡು ದಿನವೂ ಸುದ್ದಿಯಲ್ಲಿತ್ತು. ಮಲ್ಲಿಗೆಗೆ ಹೆಸರಾದ ಆ ಊರಿನ ಸಾವಿರಾರು ಕುಟುಂಬಗಳು ಗಲ್ಫ್ ದುಡಿಮೆಯಿಂದ ಬದುಕುತ್ತವೆ. ಹುಟ್ಟಿದ ಊರು, ವಿದೇಶ ಪ್ರಯಾಣ, ಹಣ ರವಾನೆ ಇವನ್ನು ಸೂಚಕಗಳಾಗಿ ಊಡಿದ ಯಂತ್ರ ಆ ಊರಿನ ಎಷ್ಟು ಮುಗ್ಧರನ್ನು ಹೆಕ್ಕೀತು ಎಂದು ಊಹಿಸಿದರೆ ದಿಗಿಲಾಗುತ್ತದೆ.

ಹಾಗಾದರೆ ವಿಶ್ವವಿದ್ಯಾಲಯ ಇದರಿಂದ ದೂರವೇ ಉಳಿಯಲಿ ಎಂಬ ವಾದವೂ ಇದೆ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ವಿದ್ಯಾರ್ಥಿಗಳ ಪ್ರತಿಭಟನೆಗೆ ಮಣಿದು ಎಂಐಟಿ ತನ್ನ ಕ್ಷಿಪಣಿ ಪ್ರಯೋಗಾಲಯವನ್ನು 1973ರಲ್ಲಿ ಡ್ರೇಪರ್ ಎಂಬ ಪ್ರತ್ಯೇಕ ಸಂಸ್ಥೆಯನ್ನಾಗಿ ಬೇರ್ಪಡಿಸಿತು. ಪ್ರಯೋಗಾಲಯವೇನೂ ಮುಚ್ಚಲಿಲ್ಲ, ಕೆಲಸ ನಿಲ್ಲಲಿಲ್ಲ. ಕ್ಯಾಂಪಸ್ಸಿನ ಕಣ್ಣು ಮಾತ್ರ ಅದರ ಮೇಲಿನಿಂದ ಸರಿಯಿತು. 2018ರಲ್ಲಿ ದಕ್ಷಿಣ ಕೊರಿಯಾದ ಕೈಸ್ಟ್ ವಿಶ್ವವಿದ್ಯಾಲಯ ಆಯುಧ ಕಂಪನಿಯೊಂದರ ಜೊತೆ ಎಐ ಕೇಂದ್ರ ತೆರೆದಾಗ ಹಲವು ದೇಶಗಳ ಐವತ್ತಕ್ಕೂ ಹೆಚ್ಚು ಸಂಶೋಧಕರು ಬಹಿಷ್ಕಾರ ಸಾರಿದರು. ಮನುಷ್ಯನ ಹಿಡಿತವಿಲ್ಲದ ಸ್ವಯಂಚಾಲಿತ ಆಯುಧ ಮಾಡುವುದಿಲ್ಲ ಎಂದು ವಿಶ್ವವಿದ್ಯಾಲಯದ ಅಧ್ಯಕ್ಷರು ಬಹಿರಂಗವಾಗಿ ಮಾತು ಕೊಟ್ಟರು. ಬಹಿಷ್ಕಾರ ಅಲ್ಲಿಗೆ ಮುಗಿಯಿತು. ಈ ಎರಡನೆಯ ದಾರಿಯೇ ಮೇಲು. ಒಳಗಿದ್ದು ಗೆರೆ ಎಳೆಯುವುದು.

ಭಾರತದಲ್ಲಿ ಆ ಗೆರೆ ಎಳೆಯಲು ಬೇಕಾದ ಅಳತೆಗೋಲು ಈಗಾಗಲೇ ಇದೆ. ಅದನ್ನು ದೊರಕಿಸಿದ ಪ್ರಕರಣಕ್ಕೆ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಹೆಸರಿದೆ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಅದನ್ನು ಮೊಟಕು ಮಾಡಬೇಕಾದರೆ ಕಾನೂನಿನ ಬಲ ಬೇಕು, ನ್ಯಾಯವಾದ ಉದ್ದೇಶ ಬೇಕು, ಕ್ರಮವು ಉದ್ದೇಶದ ಅಳತೆ ಮೀರಬಾರದು ಎಂದಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಭದ್ರತೆಯ ಕಾರಣಕ್ಕೆ ಸರ್ಕಾರ ಗೊತ್ತುಪಡಿಸಿದ ಸಂಸ್ಥೆಗಳಿಗೆ ವಿನಾಯಿತಿ ಕೊಟ್ಟಿದೆ. ಸಂಶೋಧನೆಗೂ ಷರತ್ತಿನ ವಿನಾಯಿತಿ ಇದೆ. ಭದ್ರತಾ ಸಂಸ್ಥೆಯೊಂದು ವಿಶ್ವವಿದ್ಯಾಲಯಕ್ಕೆ ಸಂಶೋಧನೆ ಒಪ್ಪಿಸಿದಾಗ ಈ ಎರಡು ವಿನಾಯಿತಿಗಳೂ ಒಂದೆಡೆ ಸೇರುತ್ತವೆ. ಪ್ರಜೆಯ ಪರವಾಗಿ ಕೇಳುವವರು ಆಗ ಯಾರೂ ಇರದಂತಾಗಬಾರದು. ಹೊಸ ಔಷಧಿಯನ್ನು ಮನುಷ್ಯರ ಮೇಲೆ ಪರೀಕ್ಷಿಸುವ ಮೊದಲು ನೈತಿಕ ಸಮಿತಿಯ ಒಪ್ಪಿಗೆ ಕಡ್ಡಾಯ. ಲಕ್ಷಾಂತರ ಜನರ ಮುಖ, ಮಾತು, ಓಡಾಟದ ಮೇಲೆ ನಡೆಯುವ ಎಐ ಸಂಶೋಧನೆಗೂ ಅಂಥದೇ ಸಮಿತಿ ಪ್ರತಿ ಕ್ಯಾಂಪಸ್ಸಿನಲ್ಲಿ ಬೇಕು. ಅದರಲ್ಲಿ ಕಂಪ್ಯೂಟರ್ ಪಂಡಿತರ ಜೊತೆ ವಕೀಲರೂ ಸಮಾಜಶಾಸ್ತ್ರಜ್ಞರೂ ಕೂರಬೇಕು. ವಿಧಾನವನ್ನೂ ದೋಷದ ಪ್ರಮಾಣವನ್ನೂ ಪ್ರಕಟಿಸುವ ಹಕ್ಕನ್ನು ಒಪ್ಪಂದದಲ್ಲಿ ಬರೆಯದೆ ಯಾವ ವಿಶ್ವವಿದ್ಯಾಲಯವೂ ಹಣ ಮುಟ್ಟಬಾರದು. ಇಂಥ ಕೆಲಸ ತನಗೆ ಬೇಡ ಎನ್ನುವ ವಿದ್ಯಾರ್ಥಿಯ ಪದವಿಗೆ ಅದರಿಂದ ಕುತ್ತು ಬರಬಾರದು.

ಕರ್ನಾಟಕ ಸರ್ಕಾರ ಇದನ್ನು ಬೆಂಗಳೂರಿನಿಂದಲೇ ಶುರುಮಾಡಬಹುದು. ನಿರ್ಭಯಾ ನಿಧಿಯ ಸೇಫ್ ಸಿಟಿ ಯೋಜನೆಯಡಿ ನಗರದಲ್ಲಿ 7,000ಕ್ಕೂ ಹೆಚ್ಚು ಕ್ಯಾಮೆರಾಗಳಿವೆ, ಮುಖ ಗುರುತಿಸುವ ವ್ಯವಸ್ಥೆಯೂ ಅದರಲ್ಲಿದೆ. ಪೊಲೀಸ್ ಕಮಾಂಡ್ ಸೆಂಟರ್‌ನಿಂದ ಭಾರತೀಯ ವಿಜ್ಞಾನ ಸಂಸ್ಥೆಯಾಗಲಿ, ಎಲೆಕ್ಟ್ರಾನಿಕ್ ಸಿಟಿಯ ಐಐಐಟಿಯಾಗಲಿ ಬಹಳ ದೂರವಿಲ್ಲ. ಒಪ್ಪಿಗೆ ಕೊಟ್ಟ ಸ್ವಯಂಸೇವಕರ ಮುಖಗಳನ್ನು ಇಟ್ಟುಕೊಂಡು ಆ ವ್ಯವಸ್ಥೆಯನ್ನು ಪರೀಕ್ಷಿಸಲು ಈ ಸಂಸ್ಥೆಗಳನ್ನು ಕೇಳಲಿ. ಹಗಲಿನಲ್ಲಿ ಎಷ್ಟು ತಪ್ಪು, ಮಳೆಗಾಲದ ರಾತ್ರಿಯಲ್ಲಿ ಎಷ್ಟು, ಹೆಂಗಸರ ವಿಷಯದಲ್ಲಿ, ವಯಸ್ಸಾದವರ ವಿಷಯದಲ್ಲಿ, ಈಶಾನ್ಯದ ಮುಖಗಳ ವಿಷಯದಲ್ಲಿ ಎಷ್ಟು ಎಂಬ ಫಲಿತಾಂಶ ಪ್ರತಿ ವರ್ಷ ವಿಧಾನಸಭೆಯ ಮುಂದೆ ಬರಲಿ, ಪತ್ರಿಕೆಗಳಿಗೂ ಸಿಗಲಿ.